ಜುಮ್ಮಾದ ಮಾತು ಯಾವ ಭಾಷೆಯಲ್ಲಿ?



ಇಂಗ್ಲೆಂಡಿನಲ್ಲಿ ನಮಾಜು, ರೋಜಾ ಹೇಗೆ ನಡೆಯುತ್ತದೆಂದು ನಿನ್ನೆಯಿಂದ ಎಲ್ಲರೂ ಕೇಳುತ್ತಿದ್ದೀರಿ. ಅದನ್ನೇ ಹೇಳುತ್ತೇನೆ.

ನಾನಿರುವುದು ಲಂಡನ್ ಹತ್ತಿರದ ವೋಕಿಂಗ್‌ನಲ್ಲಿ. ಅಲ್ಲಿನ ಶಾಹಜಹಾನ್ ಮಸೀದಿ 1889ರದು. ಬ್ರಿಟನ್ನಿನಲ್ಲಿ ಮಸೀದಿಯೆಂದೇ ಕಟ್ಟಿದ ಮೊದಲ ಕಟ್ಟಡ. ಕಟ್ಟಿಸಿದವರು ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದ ಲೈಟ್ನರ್. ಹಣ ಕೊಟ್ಟವರಲ್ಲಿ ಮುಖ್ಯರು ಭೋಪಾಲಿನ ಬೇಗಂ ಶಾಹಜಹಾನ್. ತಾಜಮಹಲಿನ ಶಾಹಜಹಾನ್ ಅಲ್ಲ, ಮಕ್ಕಳೇ!

ನೂರು ವರ್ಷದ ಹಿಂದೆ ಅಲ್ಲಿಗೆ ಬರುತ್ತಿದ್ದವರಲ್ಲಿ ಇಸ್ಲಾಂ ಒಪ್ಪಿದ ಇಂಗ್ಲಿಷರೂ ಇದ್ದರು. ಪ್ರವಚನ ಇಂಗ್ಲಿಷಿನಲ್ಲೇ ಇರುತ್ತಿತ್ತು. 1950ರ ನಂತರ ನಮ್ಮ ಕಡೆಯಿಂದ, ಪಾಕಿಸ್ತಾನದಿಂದ ಕಾರ್ಖಾನೆ ಕೆಲಸಕ್ಕೆ ಜನ ಹೋದರು. ಬ್ರಿಟನ್ನಿನ ಎಷ್ಟೋ ಊರುಗಳಲ್ಲಿ ಸಾಲುಮನೆಗಳೇ ಮಸೀದಿಗಳಾದವು, ಮಾತು ಉರ್ದುವಿಗೆ, ಪಂಜಾಬಿಗೆ, ಬಂಗಾಳಿಗೆ ತಿರುಗಿತು. ವಾರವೆಲ್ಲ ದುಡಿದವನಿಗೆ ಜುಮ್ಮಾದ ದಿನ ತನ್ನ ಭಾಷೆ ಕಿವಿಗೆ ಬಿದ್ದರೆ ಸಮಾಧಾನ. ಅದನ್ನು ನಾನು ತಪ್ಪೆನ್ನಲಾರೆ. ಆದರೆ ಅವನ ಮಗನಿಗೆ ಆ ಭಾಷೆ ಅರ್ಧಂಬರ್ಧ. ಪಕ್ಕದಲ್ಲಿ ಕೂತ ಹೊಸ ಮುಸ್ಲಿಮನಿಗಂತೂ ಒಂದಕ್ಷರ ತಿಳಿಯದು. ಈಗ ಅನೇಕ ಕಡೆ ಇಂಗ್ಲಿಷ್ ಮರಳಿ ಬಂದಿದೆ. ಹಿರಿಯರು ಗೊಣಗುತ್ತಾರೆ, ಮಕ್ಕಳು ಕೇಳುತ್ತಾರೆ.

ಮಕ್ಕಳದೂ ಹೊಸಬರದೂ ಒಂದೇ ಪ್ರಶ್ನೆ: ಇದು ದೀನಿನ ಮಾತೋ, ನಿಮ್ಮ ಊರಿನ ಪದ್ಧತಿಯೋ? ಜುಬ್ಬಾ ಹಾಕಲೇಬೇಕೇ? ಮದುವೆಗೆ ಬಿರಾದರಿ ನೋಡಬೇಕೇ? ಬೀದರಿನಲ್ಲಿದ್ದಾಗ ನನಗೆ ಇವೆರಡನ್ನೂ ಬೇರೆ ಮಾಡಿ ನೋಡುವ ಪ್ರಸಂಗವೇ ಬಂದಿರಲಿಲ್ಲ.

ಜೂನಿನಲ್ಲಿ ರಂಜಾನ್ ಬಂದರೆ ರಾತ್ರಿ 9 ದಾಟಿದ ಮೇಲೆ ಇಫ್ತಾರ್. ಹಸಿವಿಗಿಂತ ಹೊಸಬರಿಗೆ ಕಷ್ಟ ಒಂಟಿತನ. ಮನೆಯಲ್ಲಿ ಒಬ್ಬನದೇ ರೋಜಾ, ಖರ್ಜೂರ ಬಾಯಿಗಿಡುವಾಗ ಜೊತೆಗೆ ಯಾರೂ ಇಲ್ಲ. ನಮ್ಮ ಹೆಂಗಸರು ಅಂಥವರನ್ನು ಮನೆಗೆ ಕರೆದು ಉಣಿಸುತ್ತಾರೆ. ಯಾವ ಪ್ರವಚನಕ್ಕೂ ಇದು ಕಡಿಮೆಯಲ್ಲ. ಸತ್ತ ಮೇಲೆ ಕ್ರಿಶ್ಚಿಯನ್ ಬಂಧುಗಳು ಏನು ಮಾಡುವರೋ ಎಂದು ಕೆಲವರು ಮೊದಲೇ ವಿಲ್ ಬರೆದಿಡುತ್ತಾರೆ.

ಮಣ್ಣಿನ ಮಾತು ಬಂತಲ್ಲ. ವೋಕಿಂಗ್ ಪಕ್ಕದಲ್ಲೇ ಬ್ರೂಕ್‌ವುಡ್ ಸ್ಮಶಾನವಿದೆ. ಕುರಾನನ್ನು ಇಂಗ್ಲಿಷಿಗೆ ತಂದ ಇಬ್ಬರು ಅಲ್ಲಿದ್ದಾರೆ. ಒಬ್ಬರು ಭಾರತದಿಂದ ಹೋದ ಅಬ್ದುಲ್ಲಾ ಯೂಸುಫ್ ಅಲಿ. ಇನ್ನೊಬ್ಬರು ಪಾದ್ರಿಯ ಮಗ ಪಿಕ್ತಾಲ್. 1917ರಲ್ಲಿ ಮುಸ್ಲಿಮರೆಂದು ಬಹಿರಂಗವಾಗಿ ಹೇಳಿಕೊಂಡವರು. ನಮ್ಮ ಬೀದರ್ ನಿಜಾಮರ ರಾಜ್ಯದಲ್ಲಿದ್ದಾಗ ಅವರು ಹೈದರಾಬಾದಿನ ಚಾದರ್‌ಘಾಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಅಲ್ಲಿದ್ದ ವರ್ಷಗಳಲ್ಲೇ, 1930ರಲ್ಲಿ, ಅವರ ಅನುವಾದ ಅಚ್ಚಾಯಿತು.

ನನ್ನ ಮಕ್ಕಳು ನನ್ನ ಜಾಗವೂ ಬ್ರೂಕ್‌ವುಡ್‌ನಲ್ಲೇ ಎನ್ನುತ್ತಾರೆ, ಬಂದು ಫಾತಿಹಾ ಓದಲು ಹತ್ತಿರವಂತೆ. ಅಬ್ಬಾನ ಪಕ್ಕದಲ್ಲಿ ಜಾಗವಿದೆ ಎಂದು ಅಮ್ಮಿ ನಿನ್ನೆಯೂ ಹೇಳಿದರು. ಇಬ್ಬರಿಗೂ ನಾನಿನ್ನೂ ಉತ್ತರ ಕೊಟ್ಟಿಲ್ಲ.