ಹೆತ್ತವರ ದಿಗಿಲು, ಮಕ್ಕಳ ಬಾಳು
(ಬನಶಂಕರಿಯಲ್ಲಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)



‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ಗಿರಣಿಯಲ್ಲಿ ದುಡಿದವರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ನೂಲಿನಲ್ಲಿ ಗಂಟಿದ್ದರೆ ಅದು ಬಟ್ಟೆಯಲ್ಲಿ ಎದ್ದು ಕಾಣುತ್ತದೆ. ಹೆತ್ತವರ ನೋವು ಮಕ್ಕಳಲ್ಲಿ ಕಂಡಾಗ ನಮ್ಮ ಜನ ‘ಹಣೆಬರಹ’ ಎಂದು ಸುಮ್ಮನಾಗುತ್ತಾರೆ. ಅದು ಹಣೆಬರಹವಲ್ಲ. ಅದಕ್ಕೆ ಕಾರಣವುಂಟು, ಕಾರಣವಿದ್ದಲ್ಲಿ ಪರಿಹಾರವೂ ಉಂಟು.

ಈ ನಗರದ ದಕ್ಷಿಣ ಭಾಗವನ್ನೇ ನೋಡೋಣ. ಭವಿಷ್ಯನಿಧಿಯ ಪೂರ್ತಿ ಹಣ 58 ವರ್ಷ ತುಂಬುವ ತನಕ ಕೈಗೆ ಸಿಗದೆಂಬ ನಿಯಮದ ವಿರುದ್ಧ 2016ರ ಏಪ್ರಿಲ್ 18ರಂದು ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಗಿಳಿದರು. ಲಾಠಿ ಬೀಸಿತು. ಮರುದಿನ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಯಂತ್ರಗಳು ನಿಂತವು, ಅಂಗಡಿಗಳ ಬಾಗಿಲು ಬಿದ್ದವು. 2023ರ ನವೆಂಬರಿನಲ್ಲಿ ಜಯನಗರದ 4ನೇ ಬ್ಲಾಕಿನಿಂದ ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದರು. ಇವೆಲ್ಲ ಪತ್ರಿಕೆಗಳಲ್ಲಿ ಬಂದ ಸಂಗತಿಗಳು. ಆ ರಾತ್ರಿಗಳಲ್ಲಿ ತಾಯಿತಂದೆಯರ ಮುಖ ನೋಡುತ್ತ ಮಲಗಿದ ಮಕ್ಕಳ ಸಂಗತಿ ಯಾವ ವರದಿಗೂ ಬರುವಂಥದ್ದಲ್ಲ.

ಮಗು ಮಾತಿಗಿಂತ ಮೊದಲು ಮುಖವನ್ನು ಓದಲು ಕಲಿಯುತ್ತದೆ. ಬಾಗಿಲು ಬಡಿದ ಸದ್ದಿಗೆ ಸಾಲಗಾರ ಬಂದನೆಂದು ತಾಯಿ ಬೆಚ್ಚಿದರೆ ಮಗುವೂ ಬೆಚ್ಚುತ್ತದೆ. ಸಾಲವೇನೆಂದು ಅದಕ್ಕೆ ತಿಳಿಯದು. ಬಾಗಿಲು ಭಯಂಕರವೆಂಬುದು ಮಾತ್ರ ತಿಳಿಯುತ್ತದೆ. ಸಾಲ ತೀರಿದರೂ ಆ ಬೆಚ್ಚುವಿಕೆ ಉಳಿಯುತ್ತದೆ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಇಂಥ ಮಕ್ಕಳನ್ನು ಕಂಡಿದ್ದೇವೆ. ಒಬ್ಬ ಮಾತುಮಾತಿಗೆ ಕೈ ಎತ್ತುವನು. ಇನ್ನೊಬ್ಬಳು ತುಟಿ ಬಿಚ್ಚದೆ ತಮ್ಮತಂಗಿಯರಿಗೆ ತಾನೇ ತಾಯಾಗುವಳು. ಅವಳನ್ನು ‘ಜಾಣೆ’ ಎಂದು ಹೊಗಳುವವರೇ ಎಲ್ಲರೂ. ಮುಂದೆ ಮದುವೆಯಾದ ಮೇಲೆ ಅವಳಿಗೆ ಯಾರನ್ನೂ ನಂಬುವುದು ಕಷ್ಟ, ತನಗೇನು ಬೇಕೆಂದು ಹೇಳುವುದು ಇನ್ನೂ ಕಷ್ಟ.

ಇದು ಬರಿಯ ಊಹೆಯಲ್ಲ. 1998ರಲ್ಲಿ ಅಮೆರಿಕದ ವೈದ್ಯರಾದ ಫೆಲಿಟ್ಟಿ, ಆಂಡಾ ಮತ್ತು ಅವರ ಸಂಗಡಿಗರು ಒಂದು ದೊಡ್ಡ ಅಧ್ಯಯನವನ್ನು ಪ್ರಕಟಿಸಿದರು. ಎಳವೆಯಲ್ಲಿ ಹೊಡೆತ, ಮನೆಯಲ್ಲಿ ಕುಡಿತ, ತಾಯಿಯ ಮೇಲೆ ಹಿಂಸೆ ಮೊದಲಾದ ಸಂಕಟಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಕುಡಿತದ ಚಟ, ಮನಸ್ಸಿನ ಖಿನ್ನತೆ, ಹೃದ್ರೋಗ ಸಹ ಹೆಚ್ಚೆಂದು ಅವರು ಕಂಡರು. ಹಾಗೆಂದು ನೊಂದ ಮಗುವೆಲ್ಲ ಕೆಡುವುದೆಂದು ಅರ್ಥವಲ್ಲ. ನಂಬಿಕೆಗೆ ಅರ್ಹರಾದ ಒಬ್ಬ ಹಿರಿಯರು, ಅಜ್ಜಿಯೋ ಮೇಷ್ಟ್ರೋ ನೆರೆಮನೆಯವರೋ, ಜೊತೆಗೆ ನಿಂತರೆ ಎಷ್ಟೋ ಮಕ್ಕಳು ಚೇತರಿಸಿಕೊಳ್ಳುತ್ತಾರೆ.

ಹಾಗಾದರೆ ನಾವು ಮಾಡತಕ್ಕದ್ದೇನು? ಮೊದಲನೆಯದಾಗಿ, ಮಗುವಿಗೆ ನಿಜವನ್ನು ಅದರ ವಯಸ್ಸಿಗೆ ತಕ್ಕಷ್ಟು ಹೇಳಬೇಕು. ‘ಕೆಲಸ ಹೋಗಿದೆ, ಅದಕ್ಕೆ ಅಪ್ಪ ಸಿಡುಕುತ್ತಾನೆ, ನಿನ್ನ ತಪ್ಪಲ್ಲ’ ಎಂಬ ಒಂದು ಮಾತು ಸಾಕು. ಏನೂ ಹೇಳದಿದ್ದರೆ ಮಗು ತಪ್ಪನ್ನು ತನ್ನ ತಲೆಗೇ ಕಟ್ಟಿಕೊಳ್ಳುತ್ತದೆ. ಎರಡನೆಯದು, ನೆರವು ಕೇಳಲು ನಾಚಬಾರದು. ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ಗೆ 14416ಕ್ಕೆ ಫೋನ್ ಮಾಡಿದರೆ ಕಾಸಿಲ್ಲದೆ ಸಲಹೆ ಸಿಗುತ್ತದೆ. ಅಲ್ಲಿಗೆ ಮಾತಾಡಿದವರನ್ನು ‘ಹುಚ್ಚರು’ ಎನ್ನುವ ಬಾಯಿಗಳನ್ನು ನಾವು ಮುಚ್ಚಿಸಬೇಕು.

ಮೂರನೆಯದು ಸಂಘದ ಕೆಲಸ. ಟಾರ್ಗೆಟ್ ಮುಗಿಯಲಿಲ್ಲವೆಂದು ಮಾಲೀಕ ಮ್ಯಾನೇಜರನಿಗೆ ಬೈಯುತ್ತಾನೆ, ಅವನು ಸೂಪರ್‌ವೈಸರನಿಗೆ, ಅವನು ಹೊಲಿಗೆಯಂತ್ರದ ಮುಂದಿನ ತಾಯಿಗೆ. ಕೊನೆಗೆ ಆ ಬೈಗುಳ ಸಂಜೆ ಮಗುವಿನ ಬೆನ್ನ ಮೇಲೆ ಬೀಳುತ್ತದೆ. ಆದ್ದರಿಂದ ಬೈಗುಳ ನಿಲ್ಲಿಸಿರೆಂದು, ಕಾರ್ಖಾನೆಯಲ್ಲಿ ಸರಿಯಾದ ಶಿಶುವಿಹಾರ ಬೇಕೆಂದು, ಬೀದಿ ವ್ಯಾಪಾರಿಗೆ ನಿಲ್ಲಲು ಖಾಯಂ ಜಾಗ ಬೇಕೆಂದು ಕೇಳುವುದು ಕೂಲಿಯ ಪ್ರಶ್ನೆಯಷ್ಟೇ ಅಲ್ಲ, ಮಕ್ಕಳ ಮನಸ್ಸಿನ ಪ್ರಶ್ನೆಯೂ ಹೌದು.

ಆಸ್ತಿ ಬಿಟ್ಟುಹೋಗುವ ಶಕ್ತಿ ನಮಗಿಲ್ಲ. ದಿಗಿಲನ್ನಾದರೂ ಬಿಟ್ಟುಹೋಗದಿರೋಣ.