ಗೇಟಿನ ಕೀಲಿ ಯಾರ ಕೈಯಾಗ?

(ಭೀಮರಾಯನಗುಡಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಅಮೆರಿಕದ ಕೇಂದ್ರ ಸರಕಾರದ ಅಧಿಕಾರ ಎಷ್ಟು, ಅದರ ಮಿತಿ ಏನು ಅಂತ ಇವತ್ತು ಮಾತಾಡಬೇಕಾಗಿದೆ. ವಿಷಯ ಹೇಳಿದ ಕೂಡಲೇ ಹಿಂದಿನ ಸಾಲಿನಿಂದ ಒಬ್ಬ ತಮ್ಮ ಕೇಳಿದ: "ಅಣ್ಣಾ, ನಮ್ಮ ಕಡೆ ಠಾಣೆಯಾಗ ನಮ್ಮ ಕಂಪ್ಲೇಂಟೇ ತಗೊಳ್ಳಂಗಿಲ್ಲ. ಅಮೆರಿಕ ಕಟಗೊಂಡು ನಾವೇನು ಮಾಡಬೇಕು?" ಅವನ ಪ್ರಶ್ನೆ ಸರಿಯಾಗಿದೆ. ಅದನ್ನ ಕೈಯಾಗ ಹಿಡಕೊಂಡೇ ಅಮೆರಿಕಕ್ಕೆ ಹೋಗಿ ಬರೋಣ.

ಮೊದಲು ನಮ್ಮ ಕಾಲುವೆ ನೋಡ್ರಿ. ಈ ಊರು ಬೆಳೆದದ್ದೇ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿ, ಕ್ವಾರ್ಟರ್ಸುಗಳಿಂದ. ನದಿ ಮಹಾರಾಷ್ಟ್ರದಲ್ಲಿ ಹುಟ್ಟಿ, ನಮ್ಮನ್ನು ದಾಟಿ, ತೆಲಂಗಾಣ ಆಂಧ್ರಕ್ಕೆ ಹೋಗುತ್ತದೆ. ನೀರು ರಾಜ್ಯಪಟ್ಟಿಯ ವಿಷಯ. ಆದರೆ ರಾಜ್ಯ ರಾಜ್ಯಗಳು ನದಿಗಾಗಿ ಜಗಳಾಡಿದರೆ, ಅದನ್ನು ತೀರಿಸುವ ಕಾನೂನು ಮಾಡುವ ಅಧಿಕಾರ ಸಂವಿಧಾನದ 262ನೇ ವಿಧಿಯಂತೆ ಸಂಸತ್ತಿನದು. ಹಾಗೆ 1969ರಲ್ಲಿ ಕೂತ ಬಚಾವತ್ ನ್ಯಾಯಮಂಡಳಿ 1976ರಲ್ಲಿ ಲೆಕ್ಕ ಮುಗಿಸಿತು: ಮಹಾರಾಷ್ಟ್ರಕ್ಕೆ 560 ಟಿಎಂಸಿ, ಕರ್ನಾಟಕಕ್ಕೆ 700, ಅಂದಿನ ಆಂಧ್ರಕ್ಕೆ 800. ಕಾಗದದ ಮೇಲೆ ಪಾಲು ಬಂತು. ಆದರೆ ಕಾಲುವೆಯ ಕಟ್ಟಕಡೆಯ ಹೊಲದವನನ್ನು ಕೇಳ್ರಿ. ಮೇಲಿನವರು ಗೇಟು ಎತ್ತಿಕೊಂಡರೆ ಅವನ ಹೊಲಕ್ಕೆ ಕೆಸರೂ ಬರಂಗಿಲ್ಲ. ಸರಕಾರದ ಅಧಿಕಾರವೂ ಹಾಂಗೇ ಹರೀತದ. ಎಲ್ಲಿಂದ ಬಿಟ್ಟರು, ನಡುವೆ ಯಾರ ಗೇಟಿದೆ, ಕೊನೆಗೆ ಎಷ್ಟು ಮುಟ್ಟಿತು, ಈ ಮೂರನ್ನೂ ಕೇಳಬೇಕು.

ಅಮೆರಿಕದವರು 1787ರಲ್ಲಿ ಸಂವಿಧಾನ ಬರೆದಾಗ, ಮೊದಲೇ ಇದ್ದ ರಾಜ್ಯಗಳು ಕೂಡಿ ಕೇಂದ್ರಕ್ಕೆ ಎಣಿಸಿ ಅಧಿಕಾರ ಕೊಟ್ಟವು. ನಾಣ್ಯ, ಅಂಚೆ, ಯುದ್ಧ, ರಾಜ್ಯಗಳ ನಡುವಿನ ವ್ಯಾಪಾರ, ಹೀಗೆ ಒಂದು ಪಟ್ಟಿ. ಕೊಡದೆ ಉಳಿದದ್ದು ರಾಜ್ಯಗಳದ್ದು ಅಥವಾ ಜನರದ್ದು ಅಂತ 1791ರ ಹತ್ತನೇ ತಿದ್ದುಪಡಿ ಹೇಳಿತು. ನಮ್ಮಲ್ಲಿ ತಿರುಗುಮುರುಗು. ಪಟ್ಟಿಗಳಲ್ಲಿ ಇಲ್ಲದೆ ಉಳಿದ ಅಧಿಕಾರವೆಲ್ಲ ದಿಲ್ಲಿಯದು. ಅಲ್ಲಿ ಒಂದು ರಾಜ್ಯವನ್ನು ಅದರ ಶಾಸನಸಭೆ ಒಪ್ಪದೆ ಒಡೆಯುವ ಹಾಗಿಲ್ಲ. ಇಲ್ಲಿ ಸಂಸತ್ತು ಒಡೆಯಬಹುದು, ಕೂಡಿಸಬಹುದು. ನಮ್ಮ ಅಜ್ಜಂದಿರನ್ನೇ ನೋಡ್ರಿ. ಶಹಾಪುರ, ಸುರಪುರದಲ್ಲಿ ಕೂತಲ್ಲೇ ಕೂತಿದ್ದರು. 1956ರ ಅಕ್ಟೋಬರ್ 31ರ ರಾತ್ರಿ ಹೈದರಾಬಾದ್ ರಾಜ್ಯದವರಾಗಿ ಮಲಗಿ, ಮರುದಿನ ಮೈಸೂರು ರಾಜ್ಯದವರಾಗಿ ಎದ್ದರು. ರಾಜ್ಯ ಬದಲಾಯ್ತು. ಕೇರಿ ಇದ್ದಲ್ಲೇ ಇತ್ತು.

ಈಗ ಅಮೆರಿಕದ ಕೇರಿಗೆ ಹೋಗೋಣ. ಕೇಂದ್ರದ ಕೈ ಕಟ್ಟಿದ್ದು ಸ್ವಾತಂತ್ರ್ಯ ಉಳಿಸಲಿಕ್ಕೆ ಅಂತ ಅಲ್ಲಿನವರು ಹೇಳುತ್ತಾರೆ. ಅದರಲ್ಲಿ ಸತ್ಯ ಇದೆ. ಆದರೆ ಯಾರ ಸ್ವಾತಂತ್ರ್ಯ? ದಕ್ಷಿಣದ ರಾಜ್ಯಗಳ ಧಣಿಗಳು ಮನುಷ್ಯರನ್ನ ಕೊಂಡು ಮಾರುತ್ತಿದ್ದರು. ಕೇಳಿದರೆ ಇದು ನಮ್ಮ ರಾಜ್ಯದ ಹಕ್ಕು ಅಂದರು. ಯುದ್ಧವೇ ಆಯಿತು. 1865ರಲ್ಲಿ ಗುಲಾಮಗಿರಿ ರದ್ದಾಯಿತು. 1868ರಲ್ಲಿ ಕಾನೂನಿನ ಸಮಾನ ರಕ್ಷಣೆ, 1870ರಲ್ಲಿ ವರ್ಣಭೇದವಿಲ್ಲದ ಮತದ ಹಕ್ಕು ಸಂವಿಧಾನ ಸೇರಿದವು. 1877ರಲ್ಲಿ ಕೇಂದ್ರ ತನ್ನ ಸೈನಿಕರನ್ನು ಹಿಂದಕ್ಕೆ ಕರೆದುಕೊಂಡಿತು. ಗೇಟಿನ ಕೀಲಿ ಮತ್ತೆ ಹಳೆ ಧಣಿಗಳ ಕೈಗೆ ಹೋಯ್ತು.

1883ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೂ ಒಂದು ಮಾತು ಹೇಳಿತು. 1868ರ ತಿದ್ದುಪಡಿ ರಾಜ್ಯಗಳನ್ನು ಮಾತ್ರ ಕಟ್ಟುತ್ತದೆ, ಖಾಸಗಿ ಮನುಷ್ಯನನ್ನು ಕಟ್ಟುವುದಿಲ್ಲ; ವಸತಿಗೃಹದವನು, ನಾಟಕಶಾಲೆಯವನು ಕಪ್ಪು ಜನರನ್ನು ಹೊರಗೆ ನಿಲ್ಲಿಸಿದರೆ ಈ ತಿದ್ದುಪಡಿಯ ಬಲದಿಂದ ಕೇಂದ್ರ ಅವನನ್ನು ಶಿಕ್ಷಿಸುವ ಹಾಗಿಲ್ಲ. ನಮ್ಮ ಚಹಾದಂಗಡಿಗಳಲ್ಲಿ ಬೇರೆ ಕಪ್ಪು ಬಸಿ ಇಟ್ಟವರನ್ನ ನೆನಸಿಕೊಳ್ಳಿರಿ. ಆ ಬಾಗಿಲು ತೆರೆಯಲಿಕ್ಕೆ 1964ರ ನಾಗರಿಕ ಹಕ್ಕುಗಳ ಕಾನೂನು ಬರಬೇಕಾಯ್ತು. ಅದೂ ಹ್ಯಾಂಗ? ರಾಜ್ಯಗಳ ನಡುವಿನ ವ್ಯಾಪಾರ ನಿಯಂತ್ರಿಸುವ ಅಧಿಕಾರ ಕೇಂದ್ರಕ್ಕಿದೆ, ವಸತಿಗೃಹದಲ್ಲಿ ಇಳಿಯುವವರು ಹೊರರಾಜ್ಯದ ಪ್ರಯಾಣಿಕರು ಅನ್ನುವ ದಾರಿ ಹಿಡಿದು ಆ ಕಾನೂನು ಕೋರ್ಟಿನಲ್ಲಿ ಗೆದ್ದಿತು. ಮನುಷ್ಯನ ಮರ್ಯಾದೆ ವ್ಯಾಪಾರದ ಚೀಟಿ ಹಿಡಕೊಂಡು ಒಳಗೆ ಹೋಗಬೇಕಾಯಿತು.

ನಿಮ್ಮ ವಯಸ್ಸಿನ ಹುಡುಗರ ಕಥೆ ಒಂದು ಹೇಳಬೇಕು. ಬಿಳಿಯರಿಗೊಂದು, ಕರಿಯರಿಗೊಂದು ಸರಕಾರಿ ಶಾಲೆ ಕೂಡದು ಅಂತ 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 1957ರಲ್ಲಿ ಲಿಟಲ್ ರಾಕ್ ಎಂಬ ಊರಿನಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಹೈಸ್ಕೂಲಿಗೆ ಹೊರಟರು. ಆ ರಾಜ್ಯದ ಗವರ್ನರ್ ಬಂದೂಕಿನ ಪಡೆ ನಿಲ್ಲಿಸಿ ತಡೆದ. ಅಧ್ಯಕ್ಷ ಐಸೆನ್‌ಹೋವರ್ ಕೇಂದ್ರದ ಸೈನ್ಯ ಕಳಿಸಿದ ಮೇಲೆ ಮಕ್ಕಳು ಸೈನಿಕರ ನಡುವೆ ನಡೆದು ತರಗತಿಗೆ ಹೋದರು. ಇದು ಕೇಂದ್ರದ ಬಲ. ಮಿತಿಯನ್ನೂ ಕೇಳ್ರಿ. ಮರುವರ್ಷ ಗವರ್ನರ್ ಆ ಊರಿನ ಹೈಸ್ಕೂಲುಗಳನ್ನೇ ಮುಚ್ಚಿಸಿದ! ಒಂದು ವರ್ಷ ಆ ಶಾಲೆಗಳಲ್ಲಿ ಯಾರಿಗೂ ಪಾಠ ಇಲ್ಲ. ನಮ್ಮವರು ಇಳಿದ ಬಾವಿಗೆ ಮುಳ್ಳುಕಂಟಿ ಹಾಕುವವರ ಬುದ್ಧಿ ಎಲ್ಲಾ ಕಡೆ ಒಂದೇ.

ಬಾಬಾಸಾಹೇಬರು 1913ರಿಂದ 1916ರವರೆಗೆ ಅಮೆರಿಕದ ಕೊಲಂಬಿಯಾದಲ್ಲಿ ಓದಿದವರು. 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುತ್ತಾ ಅಮೆರಿಕವನ್ನೂ ನಮ್ಮನ್ನೂ ಪಕ್ಕದಲ್ಲಿಟ್ಟು ತೋರಿಸಿದರು. ನಮ್ಮ ಸಂವಿಧಾನ ಗೇಟನ್ನ ಎಲ್ಲಿ ಇಟ್ಟಿದೆ ನೋಡ್ರಿ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅದು ಸರಕಾರವನ್ನೂ ಕಟ್ಟುತ್ತದೆ, ಗೌಡನನ್ನೂ ಕಟ್ಟುತ್ತದೆ, ಚಹಾದಂಗಡಿಯವನನ್ನೂ ಕಟ್ಟುತ್ತದೆ. 15ನೇ ವಿಧಿ ಅಂಗಡಿ, ಹೊಟೇಲು, ಬಾವಿ, ಕೆರೆ ಅಂತ ಹೆಸರು ಹಿಡಿದು ಹೇಳಿತು. ಅಸ್ಪೃಶ್ಯತೆಗೆ ಶಿಕ್ಷೆ ಗೊತ್ತುಮಾಡುವ ಕಾನೂನು ಸಂಸತ್ತೇ ಮಾಡಬೇಕು, ರಾಜ್ಯದ ಶಾಸನಸಭೆ ಮಾಡುವಂತಿಲ್ಲ ಅಂತ 35ನೇ ವಿಧಿ ಹೇಳಿತು. ಅದರಿಂದಲೇ 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಬಂತು. ಆಮೇಲೆ ಸಂಸತ್ತೇ 1989ರ ದೌರ್ಜನ್ಯ ತಡೆ ಕಾನೂನನ್ನೂ ಮಾಡಿತು.

ಹಂಗಾದ್ರ ಆ ತಮ್ಮನ ಕಂಪ್ಲೇಂಟ್ ಯಾಕ ತಗೊಳ್ಳಂಗಿಲ್ಲ? ಯಾಕಂದ್ರ ಪೊಲೀಸು ರಾಜ್ಯಪಟ್ಟಿಯಲ್ಲಿದೆ. ಕಾನೂನು ದಿಲ್ಲಿಯದು, ಠಾಣೆ ಬೆಂಗಳೂರಿನದು, ಠಾಣೆಯ ಕಟ್ಟೆ ಮೇಲೆ ಚಹಾ ಕುಡಿಯುತ್ತಾ ಕೂತವನು ಊರ ಧಣಿ. ನಮ್ಮ ಗೇಟು ಇಲ್ಲಿದೆ.

ಹಾಗಂತ ಎಲ್ಲಾ ಅಧಿಕಾರ ದಿಲ್ಲಿಗೇ ಇರಲಿ ಅನ್ನಬೇಡಿರಿ. 1975ರಿಂದ 77ರ ತುರ್ತುಪರಿಸ್ಥಿತಿಯಲ್ಲಿ ದಿಲ್ಲಿ ಎಲ್ಲಾ ಕೀಲಿ ಸೆಳೆದುಕೊಂಡಾಗ ಬಾಯಿ ಬಿಟ್ಟವರೆಲ್ಲ ಜೈಲು ಕಂಡರು. ರಾಜ್ಯದ ಹಕ್ಕು ಅಂತ ಕೂಗುವವರನ್ನೂ ಬಲಿಷ್ಠ ಕೇಂದ್ರ ಅಂತ ಕೂಗುವವರನ್ನೂ ನಾವು ಒಂದೇ ಪ್ರಶ್ನೆ ಕೇಳಬೇಕು: ನಿಮ್ಮ ಅಧಿಕಾರ ಕೇರಿ ತನಕ ಬರ್ತದೇನು?

ಅದು ತಾನಾಗಿ ಬರೋದಿಲ್ಲ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ದೌರ್ಜನ್ಯ ಕಾನೂನಿಗೆ ಹಿಡಿತ ಹಾಕಿತು. ಏಪ್ರಿಲ್ 2ರಂದು ದೇಶದ ಬೀದಿಗೆ ನಮ್ಮ ಜನ ಇಳಿದರು, ಪ್ರಾಣವನ್ನೂ ಕೊಟ್ಟರು. ಆಗಸ್ಟಿನಲ್ಲಿ ಸಂಸತ್ತು ಕಾನೂನು ತಿದ್ದಿ, ಎಫ್‌ಐಆರ್ ಬರೆಯಲು ಮೊದಲೇ ವಿಚಾರಣೆ ಬೇಕಿಲ್ಲ ಅಂತ ಬರೆಯಿತು. ಲಿಟಲ್ ರಾಕಿನಲ್ಲೂ ಸೈನ್ಯ ಬಂದದ್ದು ಮಕ್ಕಳು ಗೇಟಿನ ತನಕ ನಡೆದ ಮೇಲೆ.

ಆದ್ದರಿಂದ ತಮ್ಮಾ, ಹೀಗೆ ಮಾಡು. ಒಬ್ಬನೇ ಹೋಗಬ್ಯಾಡ, ನಾಲ್ಕು ಮಂದಿ ಕೂಡಿ ಹೋಗ್ರಿ. ಬಾಯಿಮಾತಿನಲ್ಲಿ ಹೇಳಿದರೆ ಅವರು ಬರೆದು, ನಿಮಗೆ ಓದಿ ಹೇಳಿ, ಆಮೇಲೆ ಸಹಿ ತಗೊಳ್ಳಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಬರೆಯಲಿಲ್ಲ ಅಂದ್ರ ಅದೇ ಮಾತನ್ನು ಕಾಗದದಲ್ಲಿ ಬರೆದು ಜಿಲ್ಲೆಯ ಎಸ್‌ಪಿಗೆ ಅಂಚೆಯಲ್ಲಿ ಕಳಿಸು, ರಸೀದಿ ಇಟ್ಟುಕೋ. ಡಿವೈಎಸ್‌ಪಿ ದರ್ಜೆಗೆ ಕಡಿಮೆಯವರು ಈ ಕೇಸಿನ ತನಿಖೆ ಮಾಡುವ ಹಾಗಿಲ್ಲ. ಬೇಕಂತಲೇ ಕರ್ತವ್ಯ ಬಿಟ್ಟ ದಲಿತೇತರ ಅಧಿಕಾರಿಗೆ ಅದೇ ಕಾನೂನಿನ 4ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಒಂದು ವರ್ಷದ ಶಿಕ್ಷೆ ಇದೆ. ಇದನ್ನ ಓದಿಕೊಂಡು ಹೋಗು. ಓದಿದವನ ಮುಂದೆ ಪೆನ್ನು ಲಗೂನ ಏಳ್ತದ.

ಕಾಲುವೆಯ ಕೊನೆಯ ಹೊಲದವರು ನಾವು. ದಂಡೆ ಹಿಡಿದು ಮೇಲಕ್ಕೆ ನಡೆದು ಗೇಟು ಎಲ್ಲಿ ಮುಚ್ಚಿದೆ ಅಂತ ನಾವೇ ನೋಡಿಕೊಂಡು ಬರಬೇಕು. ಬರ್ರಿ, ಕೂಡಿ ನಡೆಯೋಣ.

ಜೈ ಭೀಮ್.