ಪಾತ್ರೆಗೆ ಹೆಸರು ಹಾಕುವ ಮೆಷಿನ್: ಕೈಗೆ ಕೆಲಸ, ಕಣ್ಣಿಗೆ ಕಾವಲು

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಒಂದು ಸಂಘದ ಸದಸ್ಯೆಯರು ಹಂಚಿಕೊಂಡ ಅನುಭವದ ಬರಹ ರೂಪ)



ಮಾತು ಆರಂಭಿಸುವ ಮೊದಲು ನಿಮ್ಮ ಅಡುಗೆ ಕೋಣೆಯ ಪಾತ್ರೆಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ತವರಿನಿಂದ ತಂದ ಕೊಡಪಾನದ ಮೇಲೆ ಅಮ್ಮನ ಹೆಸರು ಉಂಟು. ಮದುವೆಗೆ ಉಡುಗೊರೆ ಬಂದ ತಟ್ಟೆಯ ಮೇಲೆ ಕೊಟ್ಟವರ ಹೆಸರು ಉಂಟು. ನೆರೆಮನೆಯ ಕಾರ್ಯಕ್ರಮಕ್ಕೆ ಕೊಟ್ಟ ಪಾತ್ರೆ ತಪ್ಪದೆ ನಮ್ಮ ಮನೆಗೇ ತಿರುಗಿ ಬರುವುದು ಈ ಹೆಸರಿನಿಂದಾಗಿ. ಆ ಹೆಸರು ಹಾಕುವ ಕೆಲಸವನ್ನೇ ನಾವು ಸ್ವ ಉದ್ಯೋಗವಾಗಿ ಮಾಡಿಕೊಂಡೆವು. ಇವತ್ತು ಅದರ ಲಾಭ ಎಷ್ಟು ಅಂತ ಹೇಳಲು ನಾವು ಬಂದದ್ದಲ್ಲ. ನಾವು ಮಾಡಿದ ಒಂದು ತಪ್ಪನ್ನು ಹೇಳಲು ಬಂದದ್ದು. ಯಾಕೆಂದರೆ ಆ ತಪ್ಪು ನಿಮ್ಮಲ್ಲಿ ಆಗಬಾರದು.

ನಾವು ಸಂಘದಿಂದ ಸಾಲ ತೆಗೆದು ಒಂದು ಮೆಷಿನ್ ಕೊಂಡೆವು. ಪಾತ್ರೆ ಅಂಗಡಿಯವರು ಕೆಲಸ ಕೊಟ್ಟರು, ಮದುವೆ ಸೀಸನ್‌ನಲ್ಲಿ ಮನೆಗಳಿಂದಲೂ ಆರ್ಡರ್ ಬಂತು. ಅಕ್ಷರಕ್ಕೆ ಇಷ್ಟು ಅಂತ ಲೆಕ್ಕ. ಮಕ್ಕಳನ್ನು ಶಾಲೆಗೆ ಕಳಿಸಿ, ಅಡುಗೆ ಮುಗಿಸಿ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ. ಎಲ್ಲರಿಗೂ ಖುಷಿ.

ಒಂದು ದಿನ ಸಂಜೆ ನೆರೆಮನೆಯವರು ಒಂದು ಕಬ್ಬಿಣದ ಕತ್ತಿ ತಂದು, ಇದಕ್ಕೊಂದು ಹೆಸರು ಹಾಕಿ ಕೊಡಿ ಅಂದರು. ಮೂರೇ ಅಕ್ಷರ. ನಮ್ಮ ಸದಸ್ಯೆ, ಎರಡು ನಿಮಿಷದ ಕೆಲಸ ಅಲ್ವಾ ಅಂತ ಅಡುಗೆ ಮನೆಯ ನೆಲದಲ್ಲೇ ಕೂತು, ಕತ್ತಿಯನ್ನು ತೊಡೆಯ ಮೇಲಿಟ್ಟು ಕೊರೆದರು. ಕಣ್ಣಿಗೆ ಏನೋ ಚುಚ್ಚಿದ ಹಾಗಾಯಿತು. ಸೆರಗಿನಿಂದ ಉಜ್ಜಿದರು. ಯಾರೋ ಹೇಳಿದರು ಅಂತ ಎದೆಹಾಲು ಬಿಡಿಸಿಕೊಂಡರು. ಮನೆಯವರು ಬೈತಾರೆ, ಸಂಘದವರು ಮೆಷಿನ್ ವಾಪಸ್ ಕೇಳ್ತಾರೆ ಅಂತ ಹೆದರಿ ಯಾರಿಗೂ ಹೇಳಲಿಲ್ಲ. ಮೂರನೇ ದಿನ ಕಣ್ಣು ಕೆಂಡದ ಹಾಗೆ ಕೆಂಪಾಗಿ, ಬೆಳಕು ನೋಡಲಿಕ್ಕೇ ಆಗದೆ ಕಣ್ಣಿನ ಡಾಕ್ಟರರ ಬಳಿ ಹೋದರು. ಕಪ್ಪು ಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಕಬ್ಬಿಣದ ಚೂರು ಅಂಟಿಕೊಂಡು, ಸುತ್ತಲೂ ತುಕ್ಕಿನ ಉಂಗುರ ಆಗಿತ್ತು. ಕಬ್ಬಿಣದ ಚೂರು ಕೆಲವೇ ಗಂಟೆಗಳಲ್ಲಿ ಕಣ್ಣಿನೊಳಗೆ ತುಕ್ಕು ಬಿಡಲು ಶುರು ಮಾಡ್ತದೆ ಅಂತ ನಮಗೆ ಗೊತ್ತಾದದ್ದು ಆಗಲೇ. ದೇವರ ದಯೆ, ದೃಷ್ಟಿ ಉಳಿಯಿತು.

ಮುಂದಿನ ವಾರದ ಸಭೆಯಲ್ಲಿ ನಾವು ಲೆಕ್ಕ ಪುಸ್ತಕ ತೆರೆದು ನೋಡಿದೆವು. ಮೆಷಿನ್‌ನ ಬಿಲ್ ಇತ್ತು. ಬಿಡಿ ಮೊನೆಯ ಬಿಲ್ ಇತ್ತು. ಬಸ್ ಖರ್ಚು ಕೂಡ ಬರೆದಿತ್ತು. ಕಣ್ಣಿಗೆ ಹಾಕುವ ಕನ್ನಡಕದ ಬಿಲ್ ಮಾತ್ರ ಇರಲಿಲ್ಲ, ಏಕೆಂದರೆ ನಾವು ಅದನ್ನು ಕೊಂಡೇ ಇರಲಿಲ್ಲ. ಅಂದರೆ ತಪ್ಪು ಆ ಒಬ್ಬಳದ್ದಲ್ಲ. ಮೆಷಿನ್‌ಗೆ ಸಾಲ ಮಂಜೂರು ಮಾಡಿದ ನಮ್ಮೆಲ್ಲರದ್ದು.

ಮೆಷಿನ್ ಯಾವುದು, ಅದು ಏನು ಮಾಡ್ತದೆ?

ಹೆಸರು ಕೊರೆಯಲು ಕೈಯಲ್ಲಿ ಹಿಡಿಯುವ ಮೆಷಿನ್ ಎರಡು ಬಗೆ. ಒಂದು ಕುಟ್ಟುವ ಮೆಷಿನ್. ಪೆನ್ನಿನ ಹಾಗೆ ಹಿಡಿಯುವುದು, ಜೇನುಹುಳದ ಹಾಗೆ ಜುಂಯ್ ಅನ್ನುತ್ತದೆ. ಇದರೊಳಗೆ ತಂತಿಯ ಸುರುಳಿ ಉಂಟು. ಕರೆಂಟ್ ಹರಿದಾಗ ಅದು ಅಯಸ್ಕಾಂತವಾಗಿ ಮೊನೆಯನ್ನು ಎಳೆದು ಬಿಡುತ್ತದೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಪ್ರತಿ ಆವರ್ತಕ್ಕೆ ಎರಡು ಪೆಟ್ಟು, ಅಂದರೆ ಸೆಕೆಂಡಿಗೆ 100, ನಿಮಿಷಕ್ಕೆ 6000 ಪೆಟ್ಟು. ತುದಿಯಲ್ಲಿರುವುದು ಟಂಗ್‌ಸ್ಟನ್ ಕಾರ್ಬೈಡ್ ಎಂಬ ತುಂಬ ಗಟ್ಟಿಯಾದ ಮೊನೆ. ಪ್ರತಿ ಪೆಟ್ಟಿಗೂ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಚೂರು ಏಳಬಹುದು.

ಇನ್ನೊಂದು ತಿರುಗುವ ಮೆಷಿನ್. ಇದರಲ್ಲಿ ಸಣ್ಣ ಮೋಟಾರು ಇದ್ದು ಮೊನೆ ಗರಗರ ತಿರುಗುತ್ತದೆ. ಕೆಲವು ಮೆಷಿನ್‌ಗಳು ನಿಮಿಷಕ್ಕೆ 30,000 ಸುತ್ತು ತಿರುಗುತ್ತವೆ. ಮರ, ಗಾಜು, ಕಲ್ಲಿನ ಕೆಲಸಕ್ಕೆ ಇದನ್ನು ಬಳಸ್ತಾರೆ. ಅಪಾಯ ಇದರಲ್ಲೇ ಹೆಚ್ಚು. ಬರೀ ಪಾತ್ರೆಗೆ ಹೆಸರು ಹಾಕುವುದಾದರೆ ಕುಟ್ಟುವ ಮೆಷಿನ್ ಸಾಕು.

ಮೊದಲು ಕಣ್ಣು

ಓದಲು ಹಾಕುವ ಪವರ್ ಕನ್ನಡಕ ಉಂಟಲ್ಲ ಅಂತ ಕೆಲವರು ಕೇಳ್ತಾರೆ. ಅದು ಸಾಲದು. ಅದರ ಬದಿ ತೆರೆದಿರುತ್ತದೆ, ಗಾಜೂ ಪೆಟ್ಟು ತಾಳುವಂಥದ್ದಲ್ಲ. ಬದಿಯೂ ಮುಚ್ಚಿರುವ ಸೇಫ್ಟಿ ಕನ್ನಡಕವೇ ಬೇಕು. ಪವರ್ ಕನ್ನಡಕದ ಮೇಲೆಯೇ ಹಾಕಿಕೊಳ್ಳುವಂಥದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ನಲವತ್ತು ದಾಟಿದವರು ಇದನ್ನೇ ಕೇಳಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಅಕ್ಷರ ಕಾಣುವುದಿಲ್ಲ ಅಂತ ಮುಖವನ್ನು ಪಾತ್ರೆಗೆ ತಾಗಿಸಿಕೊಂಡು ಕೂರುತ್ತೇವೆ.

ನೂರು ಲೋಟದ ಆರ್ಡರ್ ಬಂದಾಗ ಎಲ್ಲರೂ ಜಾಗ್ರತೆ ಮಾಡ್ತಾರೆ. ತಪ್ಪುವುದು ಮೂರು ಅಕ್ಷರದ ಕೆಲಸದಲ್ಲಿ. ಆದ್ದರಿಂದ ನಾವು ಕನ್ನಡಕವನ್ನು ಮೆಷಿನ್‌ನ ವೈರಿಗೇ ಕಟ್ಟಿಟ್ಟಿದ್ದೇವೆ. ಮೆಷಿನ್ ತೆಗೆದರೆ ಕನ್ನಡಕವೂ ಕೈಗೆ ಬರ್ತದೆ. ಪಕ್ಕದಲ್ಲಿ ಕೂತು ಹಿಡಿದುಕೊಡುವವರಿಗೂ ಒಂದು ಬೇಕು. ಚೂರು ಹಾರುವಾಗ ಕೊರೆಯುವವರು ಯಾರು, ನೋಡುವವರು ಯಾರು ಅಂತ ಕೇಳುವುದಿಲ್ಲ.

ಕರೆಂಟಿನ ವಿಷಯ

ಕರೆಂಟಿನ ವೈರು ಇರುವ ಮೆಷಿನ್ ಒಂದು ಕೈಯಲ್ಲಿ, ಸ್ಟೀಲ್ ಪಾತ್ರೆ ಇನ್ನೊಂದು ಕೈಯಲ್ಲಿ. ಮನೆಯ ಕರೆಂಟು 230 ವೋಲ್ಟ್. ಮಳೆಗಾಲದಲ್ಲಿ ನೆಲವೆಲ್ಲ ಒದ್ದೆ. ಇಷ್ಟು ಹೇಳಿದರೆ ಅಪಾಯ ಎಲ್ಲಿ ಅಂತ ನಿಮಗೇ ಗೊತ್ತಾಗಬಹುದು. ಆದ್ದರಿಂದ ಅಡುಗೆ ಮನೆ, ಬಚ್ಚಲು, ಒದ್ದೆ ಜಗಲಿ ಬೇಡ. ತೊಳೆದ ಪಾತ್ರೆಯನ್ನು ಒಣ ಬಟ್ಟೆಯಲ್ಲಿ ಒರೆಸಿದ ನಂತರವೇ ಕೊರೆಯಬೇಕು. ಕಾಲಿಗೆ ಒಣ ರಬ್ಬರ್ ಚಪ್ಪಲಿ ಇರಲಿ.

ಪ್ಲಗ್ ಇಲ್ಲದ ವೈರನ್ನು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿಗೆ ತುರುಕುವ ಅಭ್ಯಾಸ ಇನ್ನೂ ನಮ್ಮಲ್ಲಿ ಉಂಟು. ದಯವಿಟ್ಟು ಅದು ಬೇಡ. ಮೆಷಿನ್‌ಗೆ ಮೂರು ಪಿನ್ನಿನ ಪ್ಲಗ್ ಇದ್ದರೆ ಅರ್ಥಿಂಗ್ ಇರುವ ಸಾಕೆಟ್ಟಿಗೇ ಹಾಕಿ. ಎರಡೇ ಪಿನ್ ಇದ್ದರೆ ಮೆಷಿನ್‌ನ ಮೈಮೇಲೆ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಉಂಟಾ ನೋಡಿ. ಅದು ಎರಡು ಪದರದ ರಕ್ಷಣೆ ಇದೆ ಎಂಬುದರ ಗುರುತು. ವೈರು ಎಲ್ಲಾದರೂ ಸುಲಿದಿದ್ದರೆ ಟೇಪ್ ಸುತ್ತಿ ಮುಂದುವರಿಸಬೇಡಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ವೈರನ್ನೇ ಬದಲಾಯಿಸಿ.

ಮನೆಯಲ್ಲಿ ಎಂಸಿಬಿ ಉಂಟು, ಭಯವಿಲ್ಲ ಅಂತ ಕೆಲವರು ಅಂದುಕೊಂಡಿದ್ದಾರೆ. ಎಂಸಿಬಿ ಕಾಯುವುದು ವೈರಿಂಗನ್ನು, ಮನುಷ್ಯರನ್ನಲ್ಲ. ಮನುಷ್ಯರ ಮೈಯಲ್ಲಿ ಕರೆಂಟು ಹರಿದಾಗ ಕ್ಷಣದಲ್ಲಿ ಲೈನು ಕಡಿಯುವುದು ಆರ್‌ಸಿಸಿಬಿ. ಹಳೆಯ ಮಾತಿನಲ್ಲಿ ಇಎಲ್‌ಸಿಬಿ ಅಂತಾರೆ. 30 ಮಿಲಿ ಆಂಪಿಯರಿನದ್ದು ಹಾಕಿಸಿ. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ, ಒತ್ತಿದ ಕೂಡಲೇ ಕರೆಂಟು ಹೋಗಬೇಕು. ಈ ಖರ್ಚು ಮೆಷಿನ್‌ಗೆ ಮಾತ್ರ ಅಲ್ಲ, ಮಿಕ್ಸಿ, ಪಂಪು, ಇಸ್ತ್ರಿ ಪೆಟ್ಟಿಗೆ ಎಲ್ಲಕ್ಕೂ ಕಾವಲು.

ಇನ್ನೊಂದು ಮಾತು. ಕೆಲಸದ ಮಧ್ಯೆ ಕರೆಂಟು ಹೋಯಿತು ಅಂತ ಮೆಷಿನ್ ಇಟ್ಟು ಬೇರೆ ಕೆಲಸಕ್ಕೆ ಎದ್ದು ಹೋಗ್ತೇವೆ. ಸ್ವಿಚ್ ಹಾಕಿಯೇ ಇರ್ತದೆ. ಕರೆಂಟು ಬಂದಾಗ ಮೆಷಿನ್ ತಾನಾಗಿ ಚಾಲೂ ಆಗ್ತದೆ, ಆ ಹೊತ್ತಿಗೆ ಅಲ್ಲಿ ಮಗು ಇರಬಹುದು. ಕರೆಂಟು ಹೋದ ತಕ್ಷಣ ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ. ಮೊನೆ ಬದಲಾಯಿಸುವಾಗಲೂ ಪ್ಲಗ್ ತೆಗೆದೇ ಬದಲಾಯಿಸಿ.

ಜಾಗ, ಬಟ್ಟೆ, ಕೈಹಿಡಿತ

ಪಾತ್ರೆಯನ್ನು ತೊಡೆಯ ಮೇಲಿಟ್ಟು ಕೊರೆಯುವುದನ್ನು ನಾವು ಬಿಟ್ಟಿದ್ದೇವೆ. ಜಾರಿದರೆ ಮೊನೆ ತೊಡೆಗೇ. ಈಗ ಮೇಜಿನ ಮೇಲೆ ಮರಳು ತುಂಬಿದ ಬಟ್ಟೆ ಚೀಲ ಇಟ್ಟು, ಅದರಲ್ಲಿ ಗುಳಿ ಮಾಡಿ ಪಾತ್ರೆ ಕೂರಿಸುತ್ತೇವೆ. ದುಂಡಗಿನ ಲೋಟವೂ ಉರುಳುವುದಿಲ್ಲ. ಹಿಡಿಯುವ ಕೈ ಯಾವಾಗಲೂ ಮೊನೆಯ ಹಿಂದೆ ಇರಲಿ, ಎದುರಿಗೆ ಬೇಡ.

ಮೊದಲು ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದುಕೊಳ್ಳಿ. ನಮ್ಮ ಕನ್ನಡ ಅಕ್ಷರ ಎಲ್ಲ ದುಂಡು, ತಿರುವಿನಲ್ಲೇ ಮೊನೆ ಜಾರುವುದು. ಒತ್ತಿ ಎಳೆಯುವುದರಿಂದ ಗೆರೆ ಚೆಂದ ಆಗುವುದಿಲ್ಲ. ಹಗುರವಾಗಿ ಹಿಡಿದು ಚುಕ್ಕಿ ಚುಕ್ಕಿಯಾಗಿ ಹೋದರೆ ಅಕ್ಷರವೂ ಚೆಂದ, ಕೈಗೂ ಆರಾಮ. ಹೊಸಬರು ಹಳೆಯ ಮುಚ್ಚಳದ ಮೇಲೆ ಅಭ್ಯಾಸ ಮಾಡಲಿ.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಮೇಲಕ್ಕೆ ಕಟ್ಟಿ, ಸರವನ್ನು ರವಿಕೆಯ ಒಳಗೆ ಹಾಕಿ, ಬಳೆ ತೆಗೆದಿಡಿ. ತಿರುಗುವ ಮೆಷಿನ್ ಆದರೆ ಚೂಡಿದಾರದ ಶಾಲು ಕೊರಳಲ್ಲಿ ಇರಲೇಬಾರದು, ಬಟ್ಟೆಯ ಕೈಚೀಲವೂ ಬೇಡ. ಸಿಕ್ಕಿಕೊಂಡರೆ ಬಟ್ಟೆಯ ಜೊತೆ ಬೆರಳನ್ನೂ ಎಳೆಯುತ್ತದೆ.

ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮೆಷಿನ್ ಆರಿಸಿ ಕೈ ಕೊಡವಿಕೊಳ್ಳಿ. ಮೆಷಿನ್ ಬಿಸಿಯಾಗುವುದೂ ತಣಿಯುತ್ತದೆ. ಬೆರಳು ಜುಮುಜುಮು ಅನ್ನುವುದು, ಮರಗಟ್ಟುವುದು, ತುದಿ ಬಿಳಚುವುದು ಶುರುವಾದರೆ ಅದನ್ನು ಆಯಾಸ ಅಂತ ತಳ್ಳಿಹಾಕಬೇಡಿ. ನಡುಕದಿಂದ ನರ ಮತ್ತು ರಕ್ತನಾಳಕ್ಕೆ ಆಗುವ ತೊಂದರೆ ಅದು. ಕೆಲಸ ನಿಲ್ಲಿಸಿ ಡಾಕ್ಟರರಿಗೆ ತೋರಿಸಿ.

ಯಾವುದಕ್ಕೆ ಹೆಸರು ಬೇಡ?

ಗಿರಾಕಿ ಕೇಳಿದ್ದಕ್ಕೆಲ್ಲ ಹೂಂ ಅನ್ನಬಾರದು. ಗ್ಯಾಸ್ ಸಿಲಿಂಡರಿಗೆ ಮೆಷಿನ್ ತಾಗಿಸಲೇಬೇಡಿ. ಕುಕ್ಕರಿನ ಮೈಗೂ ಮುಚ್ಚಳಕ್ಕೂ ಬೇಡ, ಅದು ಒತ್ತಡ ತಾಳಬೇಕಾದ ಪಾತ್ರೆ. ನಾನ್‌ಸ್ಟಿಕ್ ಪಾತ್ರೆಯ ಲೇಪಕ್ಕೆ ಬೇಡ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಇದ್ದ ಡಬ್ಬ ಖಾಲಿ ಕಂಡರೂ ಒಳಗೆ ಆವಿ ಇರುತ್ತದೆ, ಒಂದು ಕಿಡಿ ಸಾಕು. ಕಲ್ಲು ಮತ್ತು ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕಲ್ಲಿನ ಸಣ್ಣ ಧೂಳಿನಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಸೆರಗು ಮುಚ್ಚಿಕೊಂಡರೆ ಅದು ನಿಲ್ಲುವುದಿಲ್ಲ. ಆ ಕೆಲಸ ಮನೆಯೊಳಗೆ ಬೇಡವೇ ಬೇಡ.

ಪಾತ್ರೆಗೆ ಹೆಸರು ಹೊರಗಡೆ, ಕಂಠದ ಕೆಳಗೆ ಇರಲಿ. ಒಳಗೆ ಕೊರೆದರೆ ಗೆರೆಯಲ್ಲಿ ಆಹಾರ ಕೂರುತ್ತದೆ. ಕೆಲಸ ಮುಗಿದ ಮೇಲೆ ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಯಿಯಿಂದ ಊದಬೇಡಿ. ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ. ಪಾತ್ರೆಯನ್ನು ಸೋಪು ಹಾಕಿ ತೊಳೆದೇ ಕೊಡಿ.

ಆದರೂ ಏನಾದರೂ ಆದರೆ?

ಕಣ್ಣಿಗೆ ಚೂರು ಬಿದ್ದರೆ ಉಜ್ಜಬೇಡಿ. ಕೈ ತೊಳೆದು, ಶುದ್ಧ ನೀರನ್ನು ಕಣ್ಣಿಗೆ ಧಾರೆಯಾಗಿ ಬಿಡಿ, ರೆಪ್ಪೆ ಪಿಳುಕಿಸಿ. ಸೆರಗಿನ ತುದಿ, ನಾಲಿಗೆ, ಎದೆಹಾಲು, ಹರಳೆಣ್ಣೆ ಯಾವುದೂ ಬೇಡ. ಚೂರು ಹೋಗದಿದ್ದರೆ, ಹೋದ ಮೇಲೂ ಚುಚ್ಚಿದ ಹಾಗಾದರೆ ಅವತ್ತೇ ಕಣ್ಣಿನ ಡಾಕ್ಟರರ ಬಳಿ ಹೋಗಿ. ಚೂರು ನಾಟಿಕೊಂಡಿದ್ದರೆ, ಕಣ್ಣಿನಿಂದ ರಕ್ತ ಬಂದರೆ ನೀರೂ ಹಾಕಬೇಡಿ, ಒತ್ತಲೂ ಬೇಡಿ. ಕಾಗದದ ಲೋಟವನ್ನು ಕಣ್ಣಿನ ಮೇಲೆ ಮುಚ್ಚಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ. ಅಲ್ಲಿ, ಲೋಹ ಕೊರೆಯುವಾಗ ಆಯಿತು ಅಂತ ಮುಚ್ಚಿಡದೆ ಹೇಳಿ. ಕಣ್ಣಿನಲ್ಲಿ ಲೋಹ ಇರುವಾಗ ಎಂಆರ್‌ಐ ಸ್ಕ್ಯಾನ್ ಮಾಡಬಾರದು, ಅದಕ್ಕಾಗಿ ಡಾಕ್ಟರರಿಗೆ ಈ ಮಾತು ಗೊತ್ತಿರಬೇಕು.

ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿ. ಆಮೇಲೆ 108ಕ್ಕೆ ಫೋನ್ ಮಾಡಿ.

ಈಗ ನಮ್ಮ ಸಂಘದ ನಿರ್ಣಯ ಪುಸ್ತಕದಲ್ಲಿ ಮೂರು ಮಾತು ಬರೆದು ಎಲ್ಲರೂ ಸಹಿ ಹಾಕಿದ್ದೇವೆ. ಒಂದು, ಮೆಷಿನ್‌ಗೆ ಸಾಲ ಕೊಡುವಾಗ ಎರಡು ಸೇಫ್ಟಿ ಕನ್ನಡಕ ಮತ್ತು ಆರ್‌ಸಿಸಿಬಿಯ ಹಣ ಸೇರಿಸಿಯೇ ಕೊಡುವುದು, ಅವುಗಳ ಬಿಲ್ ತಂದ ಮೇಲೆಯೇ ಮೆಷಿನ್ ಬಳಸುವುದು. ಎರಡು, ತಿಂಗಳಿಗೊಮ್ಮೆ ಇಬ್ಬರು ಸದಸ್ಯೆಯರು ಹೋಗಿ ವೈರು, ಪ್ಲಗ್, ಕನ್ನಡಕ ನೋಡಿ ಬರುವುದು. ಮೂರು, ಗಾಯ ಆದವರನ್ನು ಯಾರೂ ಬೈಯುವುದಿಲ್ಲ, ಮೆಷಿನ್ ವಾಪಸ್ ಕೇಳುವುದಿಲ್ಲ, ಆ ವಾರದ ಕಂತಿಗೆ ಅವಸರ ಮಾಡುವುದಿಲ್ಲ.

ಮೂರನೆಯದೇ ನಮಗೆ ಮುಖ್ಯ. ನಮ್ಮ ತಂಗಿಯ ಕಣ್ಣಿಗೆ ಚೂರು ಬಿದ್ದದ್ದು ಒಂದು ಕ್ಷಣದಲ್ಲಿ. ಕಣ್ಣು ಕೆಟ್ಟದ್ದು ಹೆದರಿ ಸುಮ್ಮನಿದ್ದ ಮೂರು ದಿನಗಳಲ್ಲಿ. ಕಾರ್ಖಾನೆಯಲ್ಲಾದರೆ ನೋಡಲು ಮೇಲ್ವಿಚಾರಕರು ಇರ್ತಾರೆ. ಮನೆಯಲ್ಲಿ ಕೆಲಸ ಮಾಡುವ ನಮಗೆ ನಾವೇ ಕಾವಲು. ಅವರು ಈಗ ಪುನಃ ಕೆಲಸ ಮಾಡ್ತಾ ಇದ್ದಾರೆ. ಸಂಘದ ದೊಡ್ಡ ಪಾತ್ರೆಗಳಿಗೆ ಸಂಘದ ಹೆಸರು ಹಾಕಿದ್ದು ಅವರೇ, ಕನ್ನಡಕ ಹಾಕಿಕೊಂಡು.

ನಿಮ್ಮ ಸಂಘದಲ್ಲೂ ಇಂಥ ಮೆಷಿನ್ ಇದ್ದರೆ ಮುಂದಿನ ವಾರದ ಸಭೆಗೆ ಅದನ್ನು ತನ್ನಿ. ಎಲ್ಲರೂ ಸೇರಿ ನೋಡಿ.